ಬೆರಳ ತುದಿಯಲ್ಲಿ ಫುಲ್ ಟ್ಯಾಂಕ್

ಹಳೆಯ ಪೆಟ್ರೋಲ್ ಜೀಪಿನ ಟ್ಯಾಂಕ್ ಇರುವುದು ಡ್ರೈವರ್ ಸೀಟಿನ ಅಡಿಯಲ್ಲಿ. ಹೆಚ್ಚುಕಡಿಮೆ 40 ಲೀಟರಿನ ಮೇಲೆ ಕೂತು, ನಿಶ್ಚಿಂತೆಯಿಂದ ಬೀಡಿ ಸೇದುತ್ತ ಘಾಟಿ ಇಳಿಯುವ ಮಹಾನುಭಾವರನ್ನು ಮಲೆನಾಡಿನವರೆಲ್ಲ ನೋಡಿದ್ದಾರೆ. ನಮ್ಮ ಜೀಪಿನಲ್ಲಿ ಪೆಟ್ರೋಲ್ ಮೀಟರೂ ಇತ್ತು. ಮುಳ್ಳು ಮಾತ್ರ ಖಾಲಿಯ ಗುರುತಿಗೆ ಒರಗಿ ನಿವೃತ್ತಿ ಜೀವನ ನಡೆಸುತ್ತಿತ್ತು.

ತಪ್ಪು ಮುಳ್ಳಿನದಲ್ಲ, ಟ್ಯಾಂಕ್ ಯೂನಿಟ್ಟಿನದು. 5 ಸ್ಕ್ರೂ ಬಿಚ್ಚಿದರೆ ಅದು ಕೈಗೆ ಬರುತ್ತದೆ. ಒಂದೇ ರೀತಿಯಲ್ಲಿ ಕೂರಲಿ ಎಂದು ಆ ತೂತುಗಳನ್ನು ಸಮ ಅಂತರದಲ್ಲಿ ಕೊರೆದಿಲ್ಲ. ನಮ್ಮಂಥವರನ್ನು ಕಂಡೇ ಯಾರೋ ಹಾಗೆ ಮಾಡಿರಬೇಕು. ಒಂದು ಸರಳು, ಅದರ ತುದಿಗೆ ತೇಲುವ ಫ್ಲೋಟ್, ಬುಡದಲ್ಲಿ ತಂತಿಸುರುಳಿಯ ಮೇಲೆ ಜಾರುವ ಪುಟ್ಟ ನಾಲಗೆ, ಇಷ್ಟೇ ಸಂಸಾರ. ಫ್ಲೋಟನ್ನು ಕಿವಿಯ ಬಳಿ ಅಲ್ಲಾಡಿಸಿದೆ. ಗುಳುಗುಳು ಎಂದಿತು. ತೆಂಗಿನಕಾಯಿಯಲ್ಲಾದರೆ ಅದು ಒಳ್ಳೆಯ ಲಕ್ಷಣ. ಫ್ಲೋಟಿನಲ್ಲಾದರೆ, ತೂತಾಗಿ ಪೆಟ್ರೋಲ್ ಕುಡಿದು ಮುಳುಗಿದೆ ಎಂದರ್ಥ.

ಹೊಸ ಯೂನಿಟ್ ತಂದೆವು. "ಹಾಕಿಯೇ ನೋಡುವಾ ಬಿಡಿ," ಎಂದರು ಮೇಸ್ತ್ರಿ. ನಾನು ಒಪ್ಪಲಿಲ್ಲ. ಕೆಲವು ಯೂನಿಟ್ಟುಗಳು ಟ್ಯಾಂಕ್ ಖಾಲಿಯಿದ್ದಾಗ 240 ಓಮ್, ತುಂಬಿದಾಗ 33 ಓಮ್ ತೋರಿಸುತ್ತವೆ. ಇನ್ನು ಕೆಲವು ಖಾಲಿಗೆ 10, ತುಂಬಿದರೆ 180. ಈ ಜಾತಿಯ ಯೂನಿಟ್ಟನ್ನು ಆ ಜಾತಿಯ ಮೀಟರಿಗೆ ಗಂಟು ಹಾಕಿದರೆ ಪೆಟ್ರೋಲ್ ಮುಗಿಯುತ್ತ ಬಂದಷ್ಟೂ ಮುಳ್ಳು ಮೇಲೇರುತ್ತದೆ. ಅಂಥ ಜೀಪಿನ ಯಜಮಾನ ಘಾಟಿಯ ನಡುವೆ ಶ್ರೀಮಂತನಾಗಿಯೇ ನಿಂತುಹೋಗುತ್ತಾನೆ.

ಟ್ಯಾಂಕಿನ ಬಾಯಿ ಭದ್ರವಾಗಿ ಮುಚ್ಚಿ, ಉದ್ದದ ವೈರ್ ಎಳೆದು ಯೂನಿಟ್ಟನ್ನು ಅಂಗಳದ ಆಚೆ ತುದಿಗೆ ಒಯ್ದೆ. ಪೆಟ್ರೋಲ್ ಆವಿಯ ಪಕ್ಕ ಕಿಡಿ ಹಾರಿದರೆ ಪ್ರಬಂಧ ಬರೆಯಲು ಯಾರೂ ಉಳಿಯುವುದಿಲ್ಲ. ಯೂನಿಟ್ಟಿನ ತಗಡಿಗೆ ಚಾಸಿಸ್‌ನಿಂದ ಇನ್ನೊಂದು ವೈರ್ ಕೊಟ್ಟೆ. ಈ ಅರ್ತ್ ಸಿಗದೆ ಎಷ್ಟೋ ನಿರಪರಾಧಿ ಯೂನಿಟ್ಟುಗಳು ಗುಜರಿ ಸೇರಿವೆ. ನಮ್ಮನೆಯವಳನ್ನು ಸ್ಟೇರಿಂಗ್ ಮುಂದೆ ಕೂರಿಸಿ ಕೀ ತಿರುಗಿಸಲು ಹೇಳಿದೆ. ಫ್ಲೋಟ್ ಎತ್ತಿದೆ.

"ಏನಾಯ್ತೇ?"

"ಏನೂ ಇಲ್ಲ."

"ಈಗ?"

"ತಡೀರಿ, ಏಳ್ತಾ ಇದೆ."

ಮೀಟರಿನೊಳಗಿನ ಲೋಹದ ಪಟ್ಟಿ ಕಾದು ಬಾಗಿದ ಮೇಲೆಯೇ ಮುಳ್ಳಿಗೆ ಎಚ್ಚರ. ಆ ಸೋಮಾರಿತನ ಬೇಕೇ ಬೇಕು. ಇಲ್ಲದಿದ್ದರೆ ನಮ್ಮ ಎಸ್ಟೇಟ್ ರಸ್ತೆಯ ಗುಂಡಿಗಳಲ್ಲಿ ಪೆಟ್ರೋಲ್ ತುಳುಕಿದಾಗಲೆಲ್ಲ ಅದೂ ಕುಣಿಯುತ್ತಿತ್ತು.

"ಫುಲ್ ಆಯ್ತು ರೀ! ಹಾಗೇ ಹಿಡ್ಕೊಂಡಿರಿ, ಧರ್ಮಸ್ಥಳಕ್ಕೆ ಹೋಗಿ ಬರೋಣ."

ಹನಿ ಪೆಟ್ರೋಲ್ ಸುರಿಯದೆ ಬೆರಳಿನಲ್ಲೇ ಟ್ಯಾಂಕ್ ತುಂಬಿಸುವ ಈ ಅಧಿಕಾರ ಬಿಡಲು ಮನಸ್ಸೇ ಬರಲಿಲ್ಲ. ಫುಲ್, ಮುಕ್ಕಾಲು, ಅರ್ಧ ಎಂದು ಮೇಲೆ ಕೆಳಗೆ ಆಡಿಸುತ್ತ ಹೋದೆ. ನಡುವೆ ಎಲ್ಲೂ ಮುಳ್ಳು ದಿಢೀರನೆ ಬೀಳಬಾರದು, ಬೀಳಲಿಲ್ಲ. ಹೊಸ ಗ್ಯಾಸ್ಕೆಟ್ ಇಟ್ಟು ಕೂರಿಸಿದೆವು.

ಮರುದಿನ ಪಕ್ಕದ ತೋಟದವರು ಬಂದು ಜೀಪಿನೊಳಗೆ ಇಣುಕಿದರು. ಕೀ ತಿರುಗಿಸಿಯೂ ನೋಡಿದರು. "ಮುಕ್ಕಾಲು ಟ್ಯಾಂಕ್ ಇದೆಯಲ್ಲ! ಹಾಸನಕ್ಕೆ ಹೋಗಿ ಸಂಜೆಯೊಳಗೆ ತಂದುಬಿಡ್ತೇನೆ."

ಜೀಪು ಕೇಳಲು ಬಂದವರಿಗೆಲ್ಲ "ಪೆಟ್ರೋಲ್ ಎಷ್ಟಿದೆಯೋ ಏನೋ, ದಾರಿಯಲ್ಲಿ ನಿಂತರೆ ನಿಮಗೇ ಕಷ್ಟ" ಎನ್ನುವುದು ನಮ್ಮ ಮನೆಯ ಸಿದ್ಧ ಉತ್ತರವಾಗಿತ್ತು. ಅಭ್ಯಾಸಬಲದಿಂದ, "ಆ ಮೀಟರ್ ನಂಬಬೇಡಿ," ಎಂದೆ.

"ಸುಮ್ಮನಿರಿ ಮಾರಾಯ್ರೆ," ಎಂದರು, "ನಿನ್ನೆ ನೀವು ಫುಲ್ಲು, ಅರ್ಧ ಅಂತ ಆಡಿಸ್ತಾ ಇದ್ದಿದ್ದನ್ನ ಬೇಲಿ ಆಚೆಯಿಂದ ನೋಡ್ತಾನೇ ಇದ್ದೆ. ಸರಿಯಾಗೇ ತೋರಿಸ್ತಿತ್ತು."