ಮೊದಲ ವಾರದ ಪಂಡಿತರು

ನಿವೃತ್ತರಾದವರು ಸಾಮಾನ್ಯವಾಗಿ ವಾಕಿಂಗ್ ಹಿಡಿಯುತ್ತಾರೆ, ಇಲ್ಲವೇ ದೇವಸ್ಥಾನದ ಟ್ರಸ್ಟಿನ ಜಗಳ ಹಿಡಿಯುತ್ತಾರೆ. ನಮ್ಮ ರಾಯರು ಕೋರ್ಸ್ ಹಿಡಿದರು. ಮೈಸೂರಿನ ಯಾವ ಬಡಾವಣೆಗೆ ಹೋದರೂ ಇಂಥವರೊಬ್ಬರು ಸಿಗುತ್ತಾರೆ: ಬ್ಯಾಂಕಿನ ಲೆಡ್ಜರ್ ನೋಡಿ ನೋಡಿ ದಪ್ಪಗಾದ ಕನ್ನಡಕ, ಕಿವಿಯಲ್ಲಿ ಮೊಮ್ಮಗ ಬಿಟ್ಟುಹೋದ ಇಯರ್‌ಫೋನ್, ತೊಡೆಯ ಮೇಲೆ ಯಾವುದೋ ವರ್ಷದ ಡೈರಿ. ಹೇಗಿದ್ದೀರಿ ಸಾರ್ ಅಂದರೆ ಬಿಪಿ, ಶುಗರ್ ಹೇಳುವುದಿಲ್ಲ. 'ನಿನ್ನೆ ಇನ್ನೊಂದಕ್ಕೆ ಎನ್‌ರೋಲ್ ಆದೆ' ಅನ್ನುತ್ತಾರೆ.

ಐಐಟಿಗಳೂ ನಮ್ಮ ಐಐಎಸ್‌ಸಿಯೂ ಸೇರಿ 2003ರಲ್ಲೇ ಶುರುಮಾಡಿದ ಎನ್‌ಪಿಟಿಇಎಲ್ ಆನ್‌ಲೈನ್ ಪಾಠಗಳಿಗೆ ದುಡ್ಡು ಕಟ್ಟಬೇಕಿಲ್ಲ ಎಂದು ತಿಳಿದ ದಿನವೇ ಚಟ ಹತ್ತಿತು. ಆಮೇಲೆ ಸರ್ಕಾರದ 'ಸ್ವಯಂ' ಬಂತು, ಕೋರ್ಸೆರಾ ಬಂತು, ಹಾರ್ವರ್ಡ್ ಮತ್ತು ಎಂಐಟಿಯವರು ಶುರುಮಾಡಿದ ಎಡೆಕ್ಸ್ ಬಂತು. ಮದುವೆಮನೆಯಲ್ಲಿ ಯಾವ ಬಕೆಟ್ ಬಂದರೂ ಎಲೆಗೆ ಕೈ ಅಡ್ಡ ಇಡದವರಂತೆ ರಾಯರು ಎಲ್ಲವನ್ನೂ ಹಾಕಿಸಿಕೊಂಡರು.

ಉಂಡರೇ ಎಂದು ಮಾತ್ರ ಕೇಳಬಾರದು. ರಾಯರ ಪಾಂಡಿತ್ಯ ಮೊದಲ ವಾರದ್ದು. ಬೌದ್ಧ ದರ್ಶನದಲ್ಲಿ 'ದುಃಖವಿದೆ' ಎಂಬಲ್ಲಿಯವರೆಗೆ ತಲುಪಿದ್ದಾರೆ. ಅದರಿಂದ ಪಾರಾಗುವ ದಾರಿ ಮುಂದಿನ ವಾರಗಳಲ್ಲಿ ಇತ್ತಂತೆ. ಹಾರ್ವರ್ಡಿನ ಪ್ರಸಿದ್ಧ ಕಂಪ್ಯೂಟರ್ ಕೋರ್ಸಿನಲ್ಲಿ ವಾರದ ಎಣಿಕೆ ಶುರುವಾಗುವುದೇ ಸೊನ್ನೆಯಿಂದ. ಆ ಸೊನ್ನೆಯನ್ನು ರಾಯರು ಪೂರ್ತಿ ಮುಗಿಸಿದ್ದಾರೆ. ಅದರಲ್ಲಿ ಪರದೆಯ ಮೇಲೆ ಒಂದು ಬೆಕ್ಕನ್ನು ಓಡಾಡಿಸುವುದನ್ನು ಕಲಿಸುತ್ತಾರೆ. ಬೀದಿಯ ಮಕ್ಕಳೆಲ್ಲ ಬಂದು ನೋಡಿದ್ದಾಯಿತು. ಒಂದನೇ ವಾರ 'ಸಿ' ಭಾಷೆ ಎದುರಾದಾಗ ಬೆಕ್ಕು ಅಲ್ಲೇ ಕುಳಿತಿತು.

ಯೇಲ್ ವಿಶ್ವವಿದ್ಯಾಲಯದ ಲಾರಿ ಸ್ಯಾಂಟೋಸ್ ಅವರ ಸುಖದ ಕೋರ್ಸಿನದು ಇನ್ನೊಂದು ಕಥೆ. ಒಳ್ಳೆಯ ಅಂಕ ಬಂದರೆ ಸುಖ ಸಿಗುತ್ತದೆಂಬುದು ಭ್ರಮೆ ಎಂದು ಆಯಮ್ಮ ಅಲ್ಲಿ ಬಿಡಿಸಿ ಹೇಳುತ್ತಾರೆ. ಆ ಪಾಠದ ಕ್ವಿಜ್‌ನಲ್ಲಿ ರಾಯರಿಗೆ ನೂರಕ್ಕೆ ನೂರು ಬಂತು. ಸಂಜೆಯವರೆಗೆ ಅವರನ್ನು ಹಿಡಿಯುವವರಿರಲಿಲ್ಲ.

ಪಾಠಗಳನ್ನೆಲ್ಲ ಒಂದೂವರೆ ಪಟ್ಟು ವೇಗದಲ್ಲಿ ಕೇಳಿ ಕೇಳಿ ಈಗ ಮನುಷ್ಯರ ಮಾತು ಅವರಿಗೆ ತೀರಾ ನಿಧಾನ. ನಾವು ವಾಕ್ಯ ಮುಗಿಸುವಷ್ಟರಲ್ಲಿ ಎರಡು ಸಲ 'ಹೂಂ, ಮುಂದೆ' ಅಂದಿರುತ್ತಾರೆ. 'ರೀ, ಗ್ಯಾಸ್ ಬುಕ್ ಮಾಡಿದ್ರಾ?' ಎಂದು ಮನೆಯವರು ಕೇಳಿದರೆ ಕಾಲನಿರ್ವಹಣೆಯ ಕೋರ್ಸಿನ ಮಾತು ತೆಗೆಯುತ್ತಾರೆ. ಗ್ಯಾಸ್ ಬುಕ್ ಮಾಡುವುದು ಕಡೆಗೆ ಮನೆಯವರೇ.

ಆದರೂ ರಾಯರು ಒಂದು ಕೋರ್ಸನ್ನು ಕೊನೆ ಮುಟ್ಟಿಸಿದ್ದಾರೆ: ಎನ್‌ಪಿಟಿಇಎಲ್‌ನ ಎಂಟು ವಾರದ ಮಣ್ಣಿನ ವಿಜ್ಞಾನ. ಮಣ್ಣಿನ ಮೇಲೇನೂ ವಿಶೇಷ ಪ್ರೀತಿಯಿಲ್ಲ. ಪಾಠ ಉಚಿತವಾದರೂ ಸರ್ಟಿಫಿಕೇಟಿನ ಪರೀಕ್ಷೆಗೆ ಶುಲ್ಕ ಸಾವಿರ ರೂಪಾಯಿ. ಯಾವುದೋ ಹುರುಪಿನಲ್ಲಿ ಕಟ್ಟಿಬಿಟ್ಟಿದ್ದರು. ಬ್ಯಾಂಕಿನವರು ಸಾವಿರ ರೂಪಾಯಿಯನ್ನು ವಸೂಲಾಗದ ಸಾಲದ ಖಾತೆಗೆ ಬರೆಯುತ್ತಾರೆಯೇ? ಎಂಟು ಅಸೈನ್‌ಮೆಂಟುಗಳಲ್ಲಿ ಉತ್ತಮವಾದ ಆರನ್ನಷ್ಟೇ ಲೆಕ್ಕಕ್ಕೆ ಹಿಡಿಯುತ್ತಾರೆ, ಇವರು ಎಂಟನ್ನೂ ಬರೆದರು. ಪರೀಕ್ಷೆಯ ದಿನ ಕಾಲೇಜಿನ ಗೇಟಿನಲ್ಲಿ ಸೆಕ್ಯುರಿಟಿಯವನು ತಡೆದು, 'ಪೇರೆಂಟ್ಸ್ ಎಲ್ಲ ಆ ಮರದ ಕೆಳಗೆ ಕೂತ್ಕೊಳ್ಳಿ ಸಾರ್' ಅಂದ. ರಾಯರು ಹಾಲ್‌ಟಿಕೆಟ್ ತೋರಿಸಿದರು. ಅವನು ಫೋಟೋ ನೋಡಿ, ಇವರನ್ನು ನೋಡಿ, ಎದ್ದು ನಿಂತು ನಮಸ್ಕಾರ ಮಾಡಿದನಂತೆ. ಅಂಕ ಅರವತ್ತು ದಾಟಿದರೆ ಸರ್ಟಿಫಿಕೇಟಿನಲ್ಲಿ 'ಎಲೀಟ್' ಎಂದು ಅಚ್ಚಾಗಿ ಬರುತ್ತದೆ. ಬಂತು. ಈಗ ಅದು ಹಜಾರದಲ್ಲಿ ಶ್ರೀನಿವಾಸ ದೇವರ ಪಕ್ಕ ಗಾಜಿನೊಳಗಿದೆ. ಎದುರು ಸೈಟಿನಲ್ಲಿ ಪಾಯ ತೋಡುವ ಮೇಸ್ತ್ರಿ ರಾಯರು ಬರುವುದನ್ನು ಕಂಡರೆ ಟೀ ಕುಡಿಯಲು ಹೋಗುತ್ತಾನೆ.

ಇಂಥ ಕೋರ್ಸುಗಳಿಗೆ ಸೇರಿ ಪೂರ್ತಿ ಮುಗಿಸುವವರು ಲೋಕದಲ್ಲೆಲ್ಲ ಕಡಿಮೆಯೇ. ನಾವು ಸೇರುವುದೂ ಇಲ್ಲವಲ್ಲ, ರಾಯರು ನಮಗಿಂತ ಒಂದು ವಾರ ಮುಂದಿದ್ದಾರೆ. ಹೊಸ ಸುತ್ತಿಗೆ ನೋಂದಣಿ ಶುರುವಾದಾಗಲೆಲ್ಲ ರಾಯರು ಜೊತೆಗಾರರನ್ನು ಹುಡುಕುತ್ತಾರೆ. ಎಂದಾದರೂ ನಿಮ್ಮ ಇಮೇಲ್ ವಿಳಾಸವನ್ನು ಅವರಿಗೆ ಕೊಟ್ಟಿದ್ದರೆ, ದಯವಿಟ್ಟು ಒಮ್ಮೆ ಇನ್‌ಬಾಕ್ಸ್ ನೋಡಿಕೊಳ್ಳಿ.