ಅಥ ರಾಜಕಾಲುವೆ ತರ್ಕಸಾರ

ಬೆಳ್ಳಂದೂರು, ವರ್ತೂರು, ವೈಟ್‌ಫೀಲ್ಡ್ ಸೀಮೆಯ ರಾಜಕಾಲುವೆಗಳ ದಡದಲ್ಲಿ ಶನಿವಾರ ಬೆಳಿಗ್ಗೆ ಒಂದೇ ಬಣ್ಣದ ಟೀ-ಶರ್ಟ್ ತೊಟ್ಟವರು ಸಸಿ ನೆಡುವುದೇಕೆ ಎಂಬುದು ಈ ಗ್ರಂಥದ ಜಿಜ್ಞಾಸೆ. ವಿಷಯ: ಹೊಂಗೆ, ಅತ್ತಿ, ನೇರಳೆ, ಹೊಳೆಮತ್ತಿ. ಅಧಿಕಾರಿ: ಐ.ಟಿ. ಉದ್ಯೋಗಿ. ಸಂಬಂಧ: ಎಚ್.ಆರ್. ಕಳಿಸಿದ ಈಮೇಲ್. ಪ್ರಯೋಜನ: ಸಿಎಸ್‌ಆರ್ ವರದಿ. ಅನುಬಂಧ ಚತುಷ್ಟಯ ಮುಗಿಯಿತು. ಇಡ್ಲಿ ಇನ್ನೂ ಬಂದಿಲ್ಲವಾದ್ದರಿಂದ ಪ್ರಮಾಣಗಳಿಗೆ ಇಳಿಯೋಣ.

ಮೊದಲು ಪ್ರತ್ಯಕ್ಷ. ತಂಪು ನೀರಿನ ಲಕ್ಷಣ, ವಾಸನೆ ಭೂಮಿಯ ಲಕ್ಷಣ ಎನ್ನುತ್ತಾರೆ ತಾರ್ಕಿಕರು. ರಾಜಕಾಲುವೆ ಮೂಗಿಗೆ ಮೊದಲು, ಕಣ್ಣಿಗೆ ಆಮೇಲೆ ಗೋಚರಿಸುವ ಪದಾರ್ಥ. ವಾಸನೆ ಇರುವುದರಿಂದ ಅದು ಭೂಮಿ, ಭೂಮಿಯಾದ್ದರಿಂದ ಖಾತೆ, ಖಾತೆಯಾದ ಮೇಲೆ ಸೈಟು. ಒತ್ತುವರಿದಾರರನ್ನು ಬೈಯುವವರು ಅವರ ಶಾಸ್ತ್ರಪಾಂಡಿತ್ಯವನ್ನು ಗಮನಿಸಿಯೇ ಇಲ್ಲ. ದಡದ ಅಗಲದಲ್ಲೂ ಮತಭೇದವಿದೆ. 2016ರಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಪ್ರಾಥಮಿಕ ಕಾಲುವೆಗೆ 50, ದ್ವಿತೀಯಕ್ಕೆ 35, ತೃತೀಯಕ್ಕೆ 25 ಮೀಟರ್ ಬಿಡಬೇಕೆಂದಿತು. 2019ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ರದ್ದು ಮಾಡಿತು. ಸಸಿಯ ಪಾಲಿಗೆ ಉಳಿದದ್ದು ಕಾಂಕ್ರೀಟ್ ತಡೆಗೋಡೆಗೂ ಅಪಾರ್ಟ್‌ಮೆಂಟ್ ಕಾಂಪೌಂಡಿಗೂ ನಡುವಿನ ಎರಡು ಮೊಳ. ಅದರಡಿಯಲ್ಲೂ ಯುಜಿಡಿ ಪೈಪು.

ಅನುಮಾನ ಪ್ರಮಾಣಕ್ಕೆ ಈ ಸೀಮೆಯಲ್ಲಿ ಬಿದ್ದ ಪೆಟ್ಟು ಸಣ್ಣದಲ್ಲ. ಹೊಗೆ ಇದ್ದಲ್ಲಿ ಬೆಂಕಿ ಉಂಟು, ಅಡುಗೆಮನೆಯ ಹಾಗೆ. ಬೆಂಕಿ ಇಲ್ಲದಲ್ಲಿ ಹೊಗೆಯೂ ಇಲ್ಲ, ಕೆರೆಯ ಹಾಗೆ. ಪಾಠಶಾಲೆಯ ಹುಡುಗರು ತಲೆಮಾರುಗಳಿಂದ ಉರುಹೊಡೆದ ದೃಷ್ಟಾಂತವಿದು. ಬೆಳ್ಳಂದೂರು ಕೆರೆ 2015ರಲ್ಲಿ, 2017ರಲ್ಲಿ, ಮತ್ತೆ 2018ರಲ್ಲಿ ಹೊತ್ತಿ ಉರಿಯಿತು. ಹೊಗೆಯ ಜೊತೆಗೆ ವಿಪಕ್ಷ ದೃಷ್ಟಾಂತವೂ ಹಾರಿಹೋಯಿತು. ಬೌದ್ಧರು ಎಷ್ಟು ವಾದಿಸಿದರೂ ಅಲ್ಲಾಡದ ನೈಯಾಯಿಕರ ಕೆರೆಯನ್ನು ಬೆಂಗಳೂರಿನ ಕಕ್ಕಸು-ಬಚ್ಚಲುಗಳು ಕೂಡಿ ಖಂಡಿಸಿದವು. ಆ ಕೊಳಚೆ ವರ್ತೂರು ಕೋಡಿ ದಾಟಿ, ದಕ್ಷಿಣ ಪಿನಾಕಿನಿ ಸೇರಿ, ಹೊಸೂರಿನ ಕೆಲವರಪಲ್ಲಿ ಜಲಾಶಯದಲ್ಲಿ ನೊರೆಯಾಗಿ ಎದ್ದು ತಮಿಳುನಾಡಿನ ಮಾನ್ಯತೆಯನ್ನೂ ಪಡೆದಿದೆ. ಲಾವಂಚದ ಬೇರು ದಡದ ಮಣ್ಣನ್ನು ಹಿಡಿದೀತು, ಜೊಂಡು ಒಂದಿಷ್ಟು ಕೊಳೆ ಹೀರೀತು. ಮೇಲಿಂದ ಸಂಸ್ಕರಿಸದೆ ಬಿಟ್ಟದ್ದರ ಲೆಕ್ಕ ಒಪ್ಪಿಸಬೇಕಾದವರು ಬೇರೆ. ಅವರು ಶನಿವಾರ ಬರುವುದಿಲ್ಲ.

ಉಪಮಾನಕ್ಕೆ ಪ್ರತಿ ಸಭೆಯಲ್ಲೂ ಸಿಂಗಪುರದ ಸ್ಲೈಡು ತೋರಿಸುವುದರಿಂದ ಇಲ್ಲಿ ವಿಸ್ತರಿಸಿಲ್ಲ.

ಕೊನೆಯದು ಶಬ್ದ, ಅಂದರೆ ಆಪ್ತವಾಕ್ಯ. ಲಂಟಾನ, ಕಾಂಗ್ರೆಸ್ ಗಿಡ ಕಿತ್ತು ರಾಶಿ ಹಾಕಿದ್ದ ಕಡೆಗೆ ಹೊನಗೊನೆ ಸೊಪ್ಪು ಕುಯ್ಯಲು ಬಂದ ಅಜ್ಜಿಯೊಬ್ಬರು ರಾಶಿಯಿಂದ ಒಂದು ಕೊಂಬೆ ಎಳೆದು, ಎಲೆ ಹಿಸುಕಿ ಮೂಸಿದರು.

‘ಇದ್ಯಾಕಪ್ಪ ಕಿತ್ತಾಕಿದ್ರಿ? ಲಕ್ಕಿ ಕಣಪ್ಪ ಇದು.’

‘ಲಕ್ಕಿ ನರ್ಸರಿಯಿಂದ ಬರ್ತಾ ಇದೆ ಅಜ್ಜಿ. ಇಪ್ಪತ್ತು ಹೇಳಿದೀವಿ.’

ಟೆಂಪೊ ಬಂತು. ಕಿತ್ತ ಲಕ್ಕಿಯ ಗುಂಡಿಯಲ್ಲೇ ಕೊಂಡ ಲಕ್ಕಿಯನ್ನು ನೆಟ್ಟರು. ಎರಡಕ್ಕೂ ಜಾತಿ ಒಂದೇ, ಗುಣ ಒಂದೇ. ಎರಡನೆಯದಕ್ಕೆ ಪ್ರಾಯೋಜಕರ ಫಲಕ ಉಂಟು ಎಂಬುದಷ್ಟೇ ವಿಶೇಷ.

ಇನ್ನು ಅಭಾವ ಪ್ರಕರಣ. ಮಳೆಗಾಲದಲ್ಲಿ ನೆಟ್ಟ ಸಸಿಗೆ ಮೊದಲ ಒಂದೆರಡು ಬೇಸಿಗೆ ನೀರು ಬೇಕು. ಜೂನ್‌ಗೆ ಮುಂಚೆ ಸಸಿ ಇಲ್ಲದಿರುವುದು ಪ್ರಾಗಭಾವ. ಮಾರ್ಚ್ ಹೊತ್ತಿಗೆ ಇಲ್ಲವಾಗುವುದು ಪ್ರಧ್ವಂಸಾಭಾವ. ವರದಿಯಲ್ಲಿರುವ ಕಾಡು ದಡದಲ್ಲಿರುವುದಲ್ಲ, ದಡದಲ್ಲಿರುವುದು ವರದಿಯದಲ್ಲ ಎಂಬುದು ಅನ್ಯೋನ್ಯಾಭಾವ. ಅತ್ಯಂತಾಭಾವಕ್ಕೆ ಉದಾಹರಣೆ, ಏಪ್ರಿಲ್‌ನಲ್ಲಿ ಬಿಂದಿಗೆ ಹಿಡಿದು ಬರುವ ಸ್ವಯಂಸೇವಕ.