ಗೌರವ ವ್ಯವಸ್ಥಾಪಕರು

ಪರರ ಧನವನ್ನು ವ್ಯಯಮಾಡುವುದರಲ್ಲಿ ದೊರೆಯುವ ನಿರ್ಮಲಾನಂದವು ಮಂತ್ರಿಗಳಿಗೂ ಹೊಸ ಅಳಿಯಂದಿರಿಗೂ ಮಾತ್ರ ಮೀಸಲೆಂದು ಭಾವಿಸುವವರು, ನ್ಯೂಜೆರ್ಸಿಯಿಂದ ನಿತ್ಯವೂ ರೈಲಿನಲ್ಲಿ ನ್ಯೂಯಾರ್ಕಿಗೆ ಉದ್ಯೋಗಾರ್ಥವಾಗಿ ಹೋಗಿಬರುವ ನಮ್ಮ ಕನ್ನಡ ಮಿತ್ರರೊಬ್ಬರನ್ನು ಒಮ್ಮೆ ಸಂದರ್ಶಿಸಬೇಕು. ಇವರನ್ನು ನಾವು ನ್ಯೂಯಾರ್ಕ್ ನಿಕ್ಸ್ ಬ್ಯಾಸ್ಕೆಟ್‌ಬಾಲ್ ತಂಡದ ಗೌರವ ವ್ಯವಸ್ಥಾಪಕರೆಂದು ಕರೆಯುತ್ತೇವೆ. ನೇಮಿಸಿದವರು ಯಾರೂ ಇಲ್ಲದ ಕಾರಣ ಆ ಪದವಿಯಿಂದ ಅವರನ್ನು ಇಳಿಸಬಲ್ಲವರೂ ಇಲ್ಲ. ತಂಡದ ನೆಲೆಮನೆಯಾದ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್ ಪೆನ್ ಸ್ಟೇಷನ್ನಿನ ನೆತ್ತಿಯ ಮೇಲೆಯೇ ನಿಂತಿದೆ; ಆದ್ದರಿಂದ ಸಂಜೆಯ ಹೊತ್ತು, ತಮ್ಮ ಗಾಡಿ ಯಾವ ಟ್ರ್ಯಾಕಿಗೆ ಬಂದೀತೆಂಬ ಕಾತರದಿಂದ ಪ್ರಕಟಣೆಯ ಫಲಕದತ್ತ ಕತ್ತೆತ್ತಿ ನಿಂತ ನೂರಾರು ಜನರ ನಡುವೆ, ಇವರೊಬ್ಬರು ಮಾತ್ರ ಫಲಕಕ್ಕಿಂತಲೂ ಮೇಲಕ್ಕೆ, ಚಾವಣಿಯತ್ತ, ಗೃಹಕೃತ್ಯದ ಭಾರವನ್ನೆಲ್ಲ ಹೊತ್ತವರ ಮುಖಭಾವದಿಂದ ನೋಡುತ್ತಿರುತ್ತಾರೆ. ಟಿಕೆಟ್ಟಿನ ದರ ಅನ್ಯಾಯವೆಂಬುದು ಅವರ ಸಿದ್ಧಾಂತವಾದ್ದರಿಂದ, ಆ ಚಾವಣಿಯ ಮೇಲೆ ನಡೆಯುವುದನ್ನೆಲ್ಲ ಅವರು ಕಾಣುವುದು ಟೆಲಿವಿಷನ್ನಿನಲ್ಲಿಯೇ.

ಅವರ ಪ್ರತಿಭೆಯು ಪೂರ್ಣವಾಗಿ ಪ್ರಕಾಶಕ್ಕೆ ಬಂದದ್ದು 2010ರ ಬೇಸಗೆಯಲ್ಲಿ. ಅದಕ್ಕೆ ಮೊದಲು ನಿಕ್ಸ್ ತಂಡ ಕಡೆಯ ಸಲ ಪ್ರಶಸ್ತಿ ಗೆದ್ದಿದ್ದುದು 1973ರಲ್ಲಿ. ಅದಕ್ಕೂ ಮಿಗಿಲಾಗಿ, ಹಿಂದಿನ 9 ಋತುಗಳಲ್ಲಿ ಒಂದರಲ್ಲಿಯಾದರೂ ಗೆಲುವು ಸೋಲನ್ನು ಮೀರಿರಲಿಲ್ಲ. ತಂಡದ ಅಧ್ಯಕ್ಷ ಡಾನಿ ವಾಲ್ಷ್ ಎರಡು ವರ್ಷಕಾಲ ಹಳೆಯ ಕರಾರುಗಳನ್ನೆಲ್ಲ ಕಳಚಿ, ಲೀಗು ವಿಧಿಸುವ ವೇತನಮಿತಿಯೊಳಗೆ ತಾರೆಯರಿಬ್ಬರಿಗೆ ಸಾಲುವಷ್ಟು ಜಾಗ ಮಾಡಿಟ್ಟಿದ್ದರು. ಮೊದಲನೆಯ ಪೀಠ ಲೆಬ್ರಾನ್ ಜೇಮ್ಸನಿಗೆಂದು ಊರೆಲ್ಲ ನಿಶ್ಚಯಿಸಿತ್ತು. ಎರಡನೆಯದಕ್ಕೆ ಬೇಕಾದವನು ಪವರ್ ಫಾರ್ವರ್ಡ್. ಎಂದರೆ ಬುಟ್ಟಿಯ ಸಮೀಪದಲ್ಲಿ ಭುಜಕ್ಕೆ ಭುಜ ಕೊಟ್ಟು ಸೆಣಸಿ, ಗುರಿ ತಪ್ಪಿ ಹಿಂದಿರುಗುವ ಚೆಂಡನ್ನು ಅಂತರಿಕ್ಷದಲ್ಲಿಯೇ ಕಸಿದುಕೊಳ್ಳಬಲ್ಲ ದೀರ್ಘಕಾಯನು. ಕ್ರಿಸ್ ಬಾಷ್, ಕಾರ್ಲೋಸ್ ಬೂಜರ್ ಮೊದಲಾದವರ ಹೆಸರುಗಳೂ ಕೇಳಿಬಂದವು. ಆದರೆ ಗೌರವ ವ್ಯವಸ್ಥಾಪಕರ ಚಿತ್ತವನ್ನು ಅಪಹರಿಸಿದವನು ಫೀನಿಕ್ಸ್ ತಂಡದ ಅಮಾರೆ ಸ್ಟಾಡಮೈರ್. ಆರು ಅಡಿ ಹತ್ತು ಅಂಗುಲದ ಆಳು; ಕಾಲೇಜಿನ ಮೆಟ್ಟಿಲು ಹತ್ತದೆ ಶಾಲೆಯಿಂದ ನೇರವಾಗಿ 2002ರಲ್ಲಿ ಲೀಗಿಗೆ ಬಂದವನು; ನಿಕ್ಸ್ ತರಬೇತುದಾರ ಮೈಕ್ ಡಿಆಂಟೋನಿಯವರ ಕೈಕೆಳಗೆ ಹಿಂದೆ ಫೀನಿಕ್ಸಿನಲ್ಲಿಯೇ ಪಳಗಿದವನು. ದೋಷವೆಂದರೆ 2005ರಲ್ಲಿ ಮೊಣಕಾಲಿಗೆ ಆಗಿದ್ದ ದೊಡ್ಡ ಶಸ್ತ್ರಚಿಕಿತ್ಸೆ. ಬೆಲೆ, ಐದು ವರ್ಷಕ್ಕೆ ಸುಮಾರು 10 ಕೋಟಿ ಡಾಲರು.

"ಹತ್ತು ಕೋಟಿ ತಾನೆ? ಕೊಟ್ಟುಬಿಡೋಣ, ರಾಯರೇ!" ಎಂದರು ಗೌರವ ವ್ಯವಸ್ಥಾಪಕರು, ಬೆಳಗಿನ ಗಾಡಿಯಲ್ಲಿ, ಮನೆಯಿಂದ ತಂದ ಫ್ಲಾಸ್ಕಿನ ಕಾಫಿಯನ್ನು ಅದರ ಮುಚ್ಚಳಕ್ಕೆ ಬಗ್ಗಿಸಿಕೊಳ್ಳುತ್ತ. ನಿಲ್ದಾಣದಲ್ಲಿ ಕಾರು ನಿಲ್ಲಿಸುವ ಶುಲ್ಕ ಏರಿದಂದಿನಿಂದ ಹೆಂಡತಿಯೇ ಬೆಳಗ್ಗೆ ಬಂದು ಬಿಟ್ಟು ಸಂಜೆ ಬಂದು ಕರೆದೊಯ್ಯುವ ವ್ಯವಸ್ಥೆಯನ್ನು ಮಾಡಿಕೊಂಡಿರುವ ಪುರುಷರು ಇವರೇ ಎಂಬುದನ್ನು ಇಲ್ಲಿ ಸೂಚಿಸಿ ಮುಂದುವರಿಯುತ್ತೇನೆ.

ಎದುರಿಗೆ ಕುಳಿತಿದ್ದ ರಾಯರು ವಿಮಾ ವ್ಯವಹಾರದಲ್ಲಿ ತಲೆ ನರೆತವರು. ಯಾವ ಶುಭವಾರ್ತೆಯನ್ನು ಕೇಳಿದರೂ ಅದರ ಅಪಾಯಾಂಶವೆಷ್ಟೆಂದು ಮೊದಲು ವಿಚಾರಿಸುವ ಸ್ವಭಾವದವರು. "ಆ ಮೊಣಕಾಲಿಗೆ ವಿಮೆ ಬರೆಯುವವರು ಯಾರೂ ಇಲ್ಲವಂತೆ, ಸ್ವಾಮಿ. ಪತ್ರಿಕೆಯಲ್ಲಿ ಬಂದಿದೆ. ನಮ್ಮ ಕಸುಬಿನವರು ಪ್ರೀಮಿಯಂ ಬೇಡವೆಂದು ಕೈಮುಗಿಯುವುದು ಬಲು ಅಪರೂಪ; ಮುಗಿದರೆಂದಮೇಲೆ ನೀವು ಸ್ವಲ್ಪ ಯೋಚಿಸಬೇಕು."

ಗೌರವ ವ್ಯವಸ್ಥಾಪಕರು ಕನಿಕರದಿಂದ ನಕ್ಕರು. ಮೊಣಕಾಲಿನ ವಿಷಯದಲ್ಲಿ ಅವರಿಗೆ ಸ್ವಾನುಭವವಿತ್ತು. ಪೆನ್ ಸ್ಟೇಷನ್ನಿನ ಮೆಟ್ಟಿಲುಗಳು ಅವರ ಎಡಗಾಲಿಗೆ ಕೆಲವು ವರ್ಷಗಳಿಂದ ಪಾಠ ಹೇಳುತ್ತಿದ್ದವು. ಮೂಳೆಯಲ್ಲಿ ಸೂಕ್ಷ್ಮ ರಂಧ್ರಗಳನ್ನು ಕೊರೆದು, ಒಸರಿದ ರಕ್ತವು ಹೆಪ್ಪುಗಟ್ಟಿ ಅದರಿಂದ ಹೊಸ ಮೆತ್ತೆಲುಬು ಬೆಳೆಯುವಂತೆ ಮಾಡುವ ಆ ಚಿಕಿತ್ಸೆಯ ಕ್ರಮವನ್ನು ರಾಯರಿಗೆ ಮನಗಾಣಿಸುವುದಕ್ಕಾಗಿ ಅವರು ಜೇಬಿನಿಂದ ಬಾಲ್‌ಪೆನ್ ತೆಗೆದು, ತಮ್ಮ ಮೊಣಕಾಲನ್ನೇ ನಕ್ಷೆಯಾಗಿ ಮುಂದೊಡ್ಡಿ, ಅಲ್ಲೊಂದು ಇಲ್ಲೊಂದು ಚುಚ್ಚುತ್ತ ಹೋದರು. ವಾದದ ಭರದಲ್ಲಿ ಪೆನ್ನಿನ ಮುಚ್ಚಳ ಕಳಚಿದ್ದು ಇಬ್ಬರ ಗಮನಕ್ಕೂ ಬರಲಿಲ್ಲ. ಗಾಡಿ ಸಿಕಾಕಸ್ ನಿಲ್ದಾಣವನ್ನು ಮುಟ್ಟುವಷ್ಟರಲ್ಲಿ ಇಸ್ತ್ರಿ ಮಾಡಿದ ತಿಳಿಬಣ್ಣದ ಷರಾಯಿಯ ಮೇಲೆ ನೀಲಿ ಚುಕ್ಕೆಗಳ ರಂಗವಲ್ಲಿಯೇ ಮೂಡಿತ್ತು.

"ಇದೇನ್ರೀ ಇದು?" ಎಂದು ಸಂಜೆ ಮನೆಯವರು ಕೇಳಿದಾಗ, "ಆಪರೇಷನ್ನು" ಎಂದಷ್ಟೇ ಉತ್ತರ ಬಂದಿತಂತೆ.

ಜುಲೈ ತಿಂಗಳಲ್ಲಿ ನಿಕ್ಸ್ ತಂಡ ಸ್ಟಾಡಮೈರನಿಗೆ ಅಷ್ಟು ಹಣವನ್ನೂ ಕೊಟ್ಟು ಕರೆತಂದಿತು. ಅದೇ ವಾರ ಲೆಬ್ರಾನ್, ಬಾಷ್ ಇಬ್ಬರೂ ಮಯಾಮಿ ತಂಡವನ್ನು ವರಿಸಿದರು. ಹಿಂದಿನ ದಿನದವರೆಗೂ ಲೆಬ್ರಾನನಿಗೆ ನ್ಯೂಯಾರ್ಕಿನಲ್ಲಿ ಮನೆ ಹುಡುಕಿಕೊಡುವಷ್ಟು ಉತ್ಸಾಹದಲ್ಲಿದ್ದ ಗೌರವ ವ್ಯವಸ್ಥಾಪಕರು, ಒಬ್ಬನೇ ವ್ಯಕ್ತಿಯನ್ನು ನಂಬಿ ತಂಡ ಕಟ್ಟುವುದು ಅವಿವೇಕವೆಂದು ತಾವು ಮೊದಲಿನಿಂದಲೂ ಹೇಳುತ್ತಿದ್ದುದಾಗಿ ಮರುದಿನದ ಗಾಡಿಯಲ್ಲಿ ಸ್ಮರಿಸಿದರು. ಆ ಚಳಿಗಾಲದಲ್ಲಿ ಸ್ಟಾಡಮೈರ್ ಸತತವಾಗಿ 9 ಪಂದ್ಯಗಳಲ್ಲಿ 30ಕ್ಕೆ ಕಡಮೆಯಿಲ್ಲದಂತೆ ಅಂಕ ಗಳಿಸಿ ತಂಡದ ದಾಖಲೆಯನ್ನೇ ಬರೆದಾಗ, ಅವರ ನಡಗೆಯ ಗತ್ತೇ ಬದಲಾಯಿತು. ರಾಯರಿಗೆ ಸ್ವಂತ ಖರ್ಚಿನಲ್ಲಿ ಒಂದು ಕಾಫಿಯನ್ನು ಕೊಡಿಸಿದರೆಂಬ ವದಂತಿಯೂ ಹಬ್ಬಿತು.

ಅನಂತರದ ಚರಿತ್ರೆ ಅಷ್ಟು ಸುಗಮವಲ್ಲ. 2011ರ ಪ್ಲೇಆಫ್‌ನಲ್ಲಿ ಬಾಸ್ಟನ್ನಿನ ಎದುರು ಎರಡನೆಯ ಪಂದ್ಯಕ್ಕೆ ಮೈ ಸಡಿಲಿಸಿಕೊಳ್ಳುತ್ತಿದ್ದಾಗ ಸ್ಟಾಡಮೈರನ ಬೆನ್ನು ಉಳುಕಿತು; ನಾಲ್ಕೂ ಪಂದ್ಯಗಳು ಸೋತುಹೋದವು. ರಾಯರು ಬಾಯಿ ತೆರೆಯುವುದಕ್ಕೆ ಮೊದಲೇ, "ಬೆನ್ನು, ರಾಯರೇ, ಬೆನ್ನು! ಮೊಣಕಾಲಿಗೆ ಏನಾಗಿದೆ ಹೇಳಿ?" ಎಂದು ಗೌರವ ವ್ಯವಸ್ಥಾಪಕರು ಗರ್ಜಿಸಿದರು. ಮರುವರ್ಷ ಮಯಾಮಿಯಲ್ಲಿ ಸೋತ ಸಿಟ್ಟಿಗೆ ಅವನು ಬೆಂಕಿ ಆರಿಸುವ ಉಪಕರಣದ ಗಾಜಿನ ಪೆಟ್ಟಿಗೆಯನ್ನು ಗುದ್ದಿ ಕೈ ಕೊಯ್ದುಕೊಂಡಾಗಲೂ ಅದೇ ತರ್ಕ ಅವರ ಕೈಹಿಡಿಯಿತು. ಕೈಗೂ ಮೊಣಕಾಲಿಗೂ ಸಂಬಂಧವಿಲ್ಲವೆಂಬುದು ಶರೀರಶಾಸ್ತ್ರವೂ ಒಪ್ಪುವ ಮಾತು. ಅನಂತರ ಒಂದೇ ಋತುವಿನಲ್ಲಿ ಎರಡು ಮೊಣಕಾಲುಗಳಿಗೂ ಒಂದಾದಮೇಲೊಂದರಂತೆ ಶಸ್ತ್ರಚಿಕಿತ್ಸೆಯಾದಾಗ ಮಾತ್ರ ಅವರು ಕೆಲವು ದಿನ ಗಾಡಿಯ ಬೇರೆ ಡಬ್ಬಿಯಲ್ಲಿ ಪ್ರಯಾಣಮಾಡಿದರು.

2014ರ ಶರತ್ಕಾಲದಲ್ಲಿ ಸ್ಟಾಡಮೈರ್ ದೇಹದಣಿವನ್ನು ಪರಿಹರಿಸಿಕೊಳ್ಳಲೆಂದು ತೊಟ್ಟಿಯ ತುಂಬ ಕೆಂಪು ದ್ರಾಕ್ಷಾಮದ್ಯವನ್ನು ತುಂಬಿಸಿ ಅದರಲ್ಲಿ ಪವಡಿಸಿರುವ ಭಾವಚಿತ್ರವು ಲೋಕಪ್ರಸಿದ್ಧವಾಯಿತು. ರಾಯರು ಅದನ್ನು ಫೋನಿನಲ್ಲಿ ದೊಡ್ಡದು ಮಾಡಿ, ಒಂದು ಮಾತನ್ನೂ ಆಡದೆ, ಗೌರವ ವ್ಯವಸ್ಥಾಪಕರ ಮುಖದೆದುರು ಹಿಡಿದರು. ಮಹನೀಯರು ಕನ್ನಡಕವನ್ನು ಹಣೆಗೇರಿಸಿಕೊಂಡು, ತೊಟ್ಟಿಯ ಉದ್ದಗಲಗಳನ್ನೂ ದ್ರವದ ಮಟ್ಟವನ್ನೂ ಬಹಳ ಹೊತ್ತು ಪರಿಶೀಲಿಸಿ, ತಮ್ಮ ಎಡಮೊಣಕಾಲನ್ನು ಮೆಲ್ಲಗೆ ನೀವಿಕೊಳ್ಳುತ್ತ, ದನಿ ತಗ್ಗಿಸಿ ಕೇಳಿದರು: "ರಾಯರೇ, ನಿಮ್ಮ ಕಂಪನಿಯ ಆರೋಗ್ಯ ವಿಮೆಯಲ್ಲಿ ಇದಕ್ಕೆ ದುಡ್ಡು ಕೊಡ್ತಾರೆಯೆ?"